ವಿಪ್‌ಲ್ಯಾಶ್ ಮತ್ತು ಕನ್ಕಷನ್ ಆದವರು ಆಸ್ಟಿಯೋಪತಿ ಮಾಡಿಸಬಹುದಾ?

ನಿಮ್ಮ ಪ್ರಶ್ನೆ ಓದಿ ನನ್ನ ಆ ದಿನಗಳೇ ನೆನಪಾದವು. ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿರುವ ನಿಮ್ಮ ತಮ್ಮನ ಕಾರಿಗೆ ಮೂರು ವಾರದ ಕೆಳಗೆ ಹಿಂದಿನಿಂದ ಗುದ್ದಿದ್ದಾರೆ. ವಿಪ್‌ಲ್ಯಾಶ್ (ಕತ್ತು ಜೋರಾಗಿ ಹಿಂದೆಮುಂದೆ ಜಗ್ಗಿ ಆಗುವ ಪೆಟ್ಟು) ಜೊತೆಗೆ ಕನ್ಕಷನ್ (ಮಿದುಳು ಅಲುಗಿ ಆಗುವ ಪೆಟ್ಟು) ಕೂಡ ಆಗಿದೆ ಅಂತ ಡಾಕ್ಟರ್ ಅಂದಿದ್ದಾರೆ. ಸ್ಕ್ಯಾನ್ ನಾರ್ಮಲ್. ಆದರೂ ತಲೆನೋವು, ತಲೆಸುತ್ತು ಬಿಟ್ಟಿಲ್ಲ. ಸ್ನೇಹಿತರು ಆಸ್ಟಿಯೋಪತಿ, ಅಂದರೆ ಸ್ನಾಯು, ಕೀಲುಗಳಿಗೆ ಕೈಯಿಂದಲೇ ಮಾಡುವ ಚಿಕಿತ್ಸೆ, ಮಾಡಿಸು ಅನ್ನುತ್ತಿದ್ದಾರೆ. ಮೈಸೂರಿನಿಂದ ನಿಮ್ಮ ಅಮ್ಮ, ಊರಿಗೆ ಬಾ, ಕತ್ತಿನ ಉಳುಕು ತೆಗೆಸೋಣ ಅನ್ನುತ್ತಿದ್ದಾರೆ. ಯಾವುದು ಸರಿ ಅಂತ ನೀವು ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಎರಡನ್ನೂ ಒಟ್ಟಿಗೆ ಅನುಭವಿಸಿದವಳು, ಅಷ್ಟೇ. ನಾನೂ ಇಂಗ್ಲೆಂಡಿನಲ್ಲೇ, ರೆಡಿಂಗ್‌ನಲ್ಲಿದ್ದೇನೆ. 2022ರ ನವೆಂಬರ್‌ನಲ್ಲಿ ಸಿಗ್ನಲ್ ಹತ್ತಿರ ನಿಂತಿದ್ದಾಗ ಹಿಂದಿನಿಂದ ವ್ಯಾನ್ ಬಂದು ಗುದ್ದಿತು. ತಲೆ ಎಲ್ಲಿಗೂ ತಾಗಲಿಲ್ಲ. ಆದರೂ ಕನ್ಕಷನ್ ಆಯಿತು. ತಲೆಗೆ ಏಟು ಬೀಳಲೇಬೇಕು ಅಂತೇನಿಲ್ಲ, ಮಿದುಳು ಜೋರಾಗಿ ಅಲುಗಿದರೂ ಸಾಕು.

ನನ್ನ ಉತ್ತರ ಇದು: ಆಸ್ಟಿಯೋಪತಿಗೆ ಹೋಗಬಹುದು. ಆದರೆ ಕುತ್ತಿಗೆಗೆ ಅಂತ ಹೋಗಲಿ, ಮಿದುಳಿಗೆ ಅಂತ ಬೇಡ. ಈ ಒಂದು ವ್ಯತ್ಯಾಸ ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ತಲೆನೋವು ದಿನೇದಿನೇ ಜಾಸ್ತಿ ಆಗುತ್ತಿದ್ದರೆ, ಪದೇಪದೇ ವಾಂತಿ ಆದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಕೈಕಾಲಲ್ಲಿ ಶಕ್ತಿ ಕುಂದಿದರೆ, ಕಿವಿ ಮೂಗಿನಿಂದ ನೀರಿನಂಥದ್ದು ಸೋರಿದರೆ, ಕಾಯಬೇಡಿ. ಅಲ್ಲಿ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಬೇಕು. ಆಗ ಆಸ್ಟಿಯೋಪತಿಯ ಮಾತೇ ಇಲ್ಲ. ಮೊದಲ ಸ್ಕ್ಯಾನ್ ನಾರ್ಮಲ್ ಬಂದಿತ್ತಲ್ಲ ಅಂತ ಸುಮ್ಮನಿರಬಾರದು. ಸಿಟಿ ಸ್ಕ್ಯಾನ್‌ನಲ್ಲಿ ಮುಖ್ಯವಾಗಿ ನೋಡುವುದು ರಕ್ತಸ್ರಾವ ಆಗಿದೆಯಾ, ಮೂಳೆ ಮುರಿದಿದೆಯಾ ಅಂತ. ಕನ್ಕಷನ್ ಅದರಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. "ಸ್ಕ್ಯಾನ್ ಸರಿ ಇದೆ, ನಿನಗೇನೂ ಆಗಿಲ್ಲ" ಅಂತ ಜನ ಹೇಳಿದಾಗ ನಾನು ಅತ್ತಿದ್ದೇನೆ. ನಿಮ್ಮ ತಮ್ಮನಿಗೆ ಮನೆಯವರು ಯಾರೂ ಹಾಗೆ ಹೇಳದಂತೆ ನೋಡಿಕೊಳ್ಳಿ.

ಇನ್ನು ಕುತ್ತಿಗೆ ವಿಷಯ. ಕುತ್ತಿಗೆಯ ಮೇಲ್ಭಾಗದಿಂದ ಹೊರಡುವ ಮೂರು ನರಗಳೂ ಮುಖ, ಹಣೆಯಿಂದ ಬರುವ ನರವೂ ಮಿದುಳಿನ ಬುಡದಲ್ಲಿ ಒಂದೇ ಜಾಗಕ್ಕೆ ಸುದ್ದಿ ತಲುಪಿಸುತ್ತವೆ. ಹಾಗಾಗಿ ಕತ್ತು ನೊಂದರೂ ಹಣೆ, ಕಣ್ಣಿನ ಹಿಂದೆ ನೋವು ಅನ್ನಿಸುತ್ತದೆ. ಇದು ಮಿದುಳಿಂದ ಬರುವ ತಲೆನೋವಾ, ಕುತ್ತಿಗೆಯಿಂದ ಬರುವ ತಲೆನೋವಾ ಅಂತ ನಮಗೆ ಹೇಳಲು ಆಗುವುದಿಲ್ಲ. ತಲೆಬುರುಡೆಯ ಕೆಳಗಿರುವ ಚಿಕ್ಕ ಸ್ನಾಯುಗಳಿಗೆ ಇನ್ನೊಂದು ಕೆಲಸವೂ ಇದೆ. ತಲೆ ಎತ್ತ ತಿರುಗಿದೆ ಅಂತ ಅವೂ ಮಿದುಳಿಗೆ ತಿಳಿಸುತ್ತವೆ. ಅವು ಬಿಗಿದುಕೊಂಡರೆ ಅವುಗಳ ಮಾತು ಕಣ್ಣು, ಕಿವಿಯ ಮಾತಿಗೆ ತಾಳೆಯಾಗುವುದಿಲ್ಲ. ನೆಲ ಓಲಾಡಿದ ಹಾಗೆ ಆಗುತ್ತದೆ. ಆಸ್ಟಿಯೋಪತಿಯಿಂದ ಉಪಯೋಗ ಆಗುವುದಾದರೆ ಇಲ್ಲಿ.

ನಾನು ಹೋದದ್ದು ಆರನೇ ವಾರದಲ್ಲಿ. ಕತ್ತನ್ನು ಒಮ್ಮೆ ಲಟಕ್ ಅನ್ನಿಸಿ ಸರಿ ಮಾಡುತ್ತಾರೆ ಅಂದುಕೊಂಡಿದ್ದೆ. ನಮ್ಮೂರು ತುಮಕೂರಿನ ಕಡೆ. ಅಪ್ಪ ಕಟಿಂಗ್ ಮಾಡಿಸಿಕೊಂಡು ನೆಟಿಗೆ ತೆಗೆಸದೆ ಎದ್ದದ್ದೇ ಇಲ್ಲ, ಆ ಚಿತ್ರವೇ ತಲೆಯಲ್ಲಿತ್ತು. ಆದರೆ ಅಲ್ಲಿದ್ದ ಆಸ್ಟಿಯೋಪಾತ್ ಹೆಣ್ಣುಮಗಳು ಮೊದಲ ಅರ್ಧ ಗಂಟೆ ನನ್ನನ್ನು ಮುಟ್ಟಲೇ ಇಲ್ಲ. ಹೇಗೆ ಗುದ್ದಿತು, ಆಗ ತಲೆ ಯಾವ ಕಡೆ ತಿರುಗಿತ್ತು, ರಕ್ತ ತೆಳುವಾಗಿಸುವ ಮಾತ್ರೆ ತಗೋತೀರಾ, ನುಂಗಲು ಕಷ್ಟ ಆಗುತ್ತಾ, ಎಲ್ಲ ಕೇಳಿದರು. ಬಿಪಿ ನೋಡಿದರು. ಬೆರಳು ಆಡಿಸಿ ಕಣ್ಣು ಹೇಗೆ ಹಿಂಬಾಲಿಸುತ್ತದೆ ಅಂತ ನೋಡಿದರು. ಕೈ ಬಲ, ಮೊಣಕೈಯ ಪ್ರತಿಕ್ರಿಯೆ ಪರೀಕ್ಷೆ ಮಾಡಿದರು. ಆಮೇಲೆ, "ನಿಮ್ಮ ಕುತ್ತಿಗೆಯನ್ನು ನಾನು ಜೋರಾಗಿ ತಿರುಗಿಸುವುದಿಲ್ಲ" ಅಂದರು.

ಕಾರಣವನ್ನೂ ಹೇಳಿದರು. ಇಂಥ ಅಪಘಾತದಲ್ಲಿ, ಅಪರೂಪಕ್ಕೆ, ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದಿರಬಹುದು. ಅದು ಗೊತ್ತಿಲ್ಲದೆ ಕತ್ತು ತಿರುಚಿದರೆ ಸ್ಟ್ರೋಕ್ ಆಗುವ ಅಪಾಯವಿದೆ. ದಯವಿಟ್ಟು ನಿಮ್ಮ ಅಮ್ಮನಿಗೆ ಇದನ್ನು ನಿಧಾನವಾಗಿ ವಿವರಿಸಿ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ನಮ್ಮಮ್ಮನೂ ಅದನ್ನೇ ಹೇಳಿದ್ದರು. ಆದರೆ ಈಗ ನೆಟಿಗೆಯೂ ಬೇಡ, ಉಳುಕು ತೆಗೆಸುವುದೂ ಬೇಡ.

ನನಗೆ ಮಾಡಿದ್ದು ಬಹಳ ಮೆದುವಾದ ಕೆಲಸ. ಮಲಗಿಸಿ, ತಲೆಬುರುಡೆಯ ಕೆಳಗೆ ಬೆರಳಿಟ್ಟು ಸುಮ್ಮನೆ ಹಿಡಿದುಕೊಳ್ಳುವುದು. ಹೆಗಲು, ಬೆನ್ನಿನ ಮೇಲ್ಭಾಗ, ಸೀಟ್ ಬೆಲ್ಟ್ ಒತ್ತಿದ್ದ ಪಕ್ಕೆಲುಬಿನ ಹತ್ತಿರ ತಿಕ್ಕಿ ಸಡಿಲ ಮಾಡುವುದು. ಅವರ ಕೈಗೆ ವಿರುದ್ಧವಾಗಿ ನಾನು ತಲೆಯನ್ನು ಐದು ಸೆಕೆಂಡು ಮೆಲ್ಲಗೆ ಒತ್ತಬೇಕು, ಬಿಡಬೇಕು, ಆಗ ಕತ್ತು ಇನ್ನೊಂದು ಚೂರು ತಿರುಗುತ್ತದೆ. ಒಂದು ಸಲಕ್ಕೆ 55 ಪೌಂಡ್. ಏಳು ಸಲ ಹೋದೆ. ಮೂರನೇ ಸಲದ ನಂತರ ಬಲಗಡೆ ತಿರುಗಿ ಕಾರು ರಿವರ್ಸ್ ತೆಗೆಯಲು ಆಯಿತು. ಕಣ್ಣಿನ ಹಿಂದಿನ ನೋವು ಅರ್ಧಕ್ಕರ್ಧ ಇಳಿಯಿತು. ಇದರಲ್ಲಿ ದಿನ ಕಳೆದಂತೆ ತಾನಾಗಿ ವಾಸಿಯಾದದ್ದೂ ಇರುತ್ತದೆ, ಅದನ್ನು ಬೇರೆ ಮಾಡಿ ಹೇಳಲು ಬರುವುದಿಲ್ಲ.

ಆದರೆ ಜೋರು ಬೆಳಕು ನೋಡಿದರೆ ಸಂಕಟ, ಹತ್ತು ನಿಮಿಷ ಓದಿದರೆ ತಲೆ ಮಂಕಾಗುವುದು, ಇವು ಅವರ ಕೈಯಿಂದ ಒಂಚೂರೂ ಕಡಿಮೆಯಾಗಲಿಲ್ಲ. ಅದನ್ನು ಅವರೇ ಮೊದಲು ಹೇಳಿದ್ದರು. ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಒತ್ತಿ ಮಿದುಳಿನ ದ್ರವದ ಲಯ ಸರಿಮಾಡುತ್ತೇವೆ ಅನ್ನುವವರೂ ಇದ್ದಾರೆ. ಕ್ರೇನಿಯಲ್ ಆಸ್ಟಿಯೋಪತಿ ಅನ್ನುತ್ತಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಕನ್ಕಷನ್ ವಾಸಿ ಮಾಡುತ್ತೇವೆ ಅಂತ ಯಾರಾದರೂ ಹತ್ತು ಸೆಷನ್ ಪ್ಯಾಕೇಜ್ ತೋರಿಸಿದರೆ ಎದ್ದು ಬರಲಿ.

ಮಿದುಳಿಗೆ ಸಹಾಯ ಮಾಡಿದ್ದು ಬೇರೆಯೇ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಸ್ವಲ್ಪಸ್ವಲ್ಪವೇ ಓಡಾಟ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೇ ಪದ್ಧತಿಯನ್ನು ಈಗ ಬಿಟ್ಟಿದ್ದಾರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರೂ ಇದನ್ನೇ ಹೇಳಿದರು. ನಾನು ಮೂರು ವಾರ ಪರದೆ ಎಳೆದುಕೊಂಡು ಮಲಗಿದ್ದೆ. ಅದರಿಂದ ಕುತ್ತಿಗೆ ಇನ್ನಷ್ಟು ಬಿಗಿಯಿತು, ನಿದ್ದೆ ಕೆಟ್ಟಿತು. ನಿಮ್ಮ ತಮ್ಮ ದಿನಾ ಹದಿನೈದು ನಿಮಿಷ ನಡೆಯಲಿ. ತಲೆನೋವು ಒಂಚೂರು ಏರಿದರೆ ಪರವಾಗಿಲ್ಲ, ಜಾಸ್ತಿ ಏರಿದರೆ ನಿಲ್ಲಿಸಲಿ. ಪೂರ್ತಿ ವಾಸಿಯಾಗುವವರೆಗೆ ಕ್ರಿಕೆಟ್, ಫುಟ್‌ಬಾಲ್ ಬೇಡ. ಇನ್ನೊಂದು ಏಟು ಬೀಳಲೇಬಾರದು.

ಕುತ್ತಿಗೆ ಮತ್ತು ಸಮತೋಲನ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟರೆ ಏನಾಗುತ್ತದೆ ಅಂತ ಕೆನಡಾದ ಕ್ಯಾಲ್ಗರಿಯಲ್ಲಿ ನೋಡಿದ್ದಾರೆ. ಆ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಟದಲ್ಲಿ ಕನ್ಕಷನ್ ಆಗಿ ವಾಸಿಯಾಗದೆ ಉಳಿದಿದ್ದ 31 ಜನ ಸೇರಿದ್ದರು. ಚಿಕಿತ್ಸೆ ಪಡೆದ 15 ಜನರಲ್ಲಿ 11 ಜನರಿಗೆ ಎಂಟು ವಾರದೊಳಗೆ ಆಟಕ್ಕೆ ಮರಳಲು ಡಾಕ್ಟರ್ ಒಪ್ಪಿಗೆ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಕೊನೆವರೆಗೆ ಉಳಿದ 14ರಲ್ಲಿ ಒಬ್ಬರಿಗೆ ಮಾತ್ರ. ಚಿಕ್ಕ ಅಧ್ಯಯನ, ನಿಜ. ಚಿಕಿತ್ಸೆ ಕೊಟ್ಟದ್ದು ಆಸ್ಟಿಯೋಪಾತ್ ಅಲ್ಲ, ಫಿಸಿಯೋ. ಆದರೆ ಕುತ್ತಿಗೆಯನ್ನು ಕಡೆಗಣಿಸಬಾರದು ಅನ್ನುವುದು ಅದರಿಂದ ಚೆನ್ನಾಗಿ ತಿಳಿಯುತ್ತದೆ, ಅಲ್ವಾ? ಆದ್ದರಿಂದ ದುಡ್ಡಿನ ಯೋಚನೆ ಇದ್ದರೆ ಮೊದಲು ಅವನ ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಫಿಸಿಯೋ ಕೇಳಲಿ. ನನಗೆ ಅಲ್ಲಿ ಕಾಯುವ ಪಟ್ಟಿ ಉದ್ದ ಇತ್ತು, ಅದಕ್ಕೇ ದುಡ್ಡು ಕೊಟ್ಟು ಹೋದೆ.

ಆಸ್ಟಿಯೋಪಾತ್ ಹತ್ತಿರವೇ ಹೋಗುವುದಾದರೆ ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿದೆಯಾ ನೋಡಲಿ. ಬ್ರಿಟನ್ನಿನಲ್ಲಿ 1993ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಆಸ್ಪತ್ರೆಯ ಪೇಪರ್‌ಗಳನ್ನು ತೆಗೆದುಕೊಂಡು ಹೋಗಲಿ. ಕನ್ಕಷನ್ ಆಗಿದೆ ಅಂತ ಫೋನಿನಲ್ಲೇ ತಿಳಿಸಲಿ. ಊರಿಗೆ ಬಂದರೆ ಮೊದಲು ನ್ಯೂರಾಲಜಿಸ್ಟ್ ನೋಡಲಿ, ಆಮೇಲೆ ಕುತ್ತಿಗೆ ಮತ್ತು ತಲೆಸುತ್ತು ಎರಡೂ ಬಲ್ಲ ಫಿಸಿಯೋ ಹತ್ತಿರ ಹೋಗಲಿ.

ಇನ್ನೊಂದು ಮಾತು, ತಲೆಸುತ್ತಿನ ಬಗ್ಗೆ. ನನಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ ಅರ್ಧ ನಿಮಿಷ ಕೋಣೆಯೇ ಗಿರ್ರನೆ ತಿರುಗುತ್ತಿತ್ತು. ಅದೂ ಕುತ್ತಿಗೆಯದ್ದೇ ಅಂದುಕೊಂಡಿದ್ದೆ. ಆಸ್ಟಿಯೋಪಾತ್ ಕೇಳಿಸಿಕೊಂಡು, ಇದು ಕಿವಿಯದ್ದು ಇರಬೇಕು, ಜಿಪಿಗೆ ತೋರಿಸಿ ಅಂತ ಕಳಿಸಿದರು. ತಲೆಗೆ ಏಟಾದಾಗ, ತಲೆ ಜೋರಾಗಿ ಅಲುಗಿದಾಗ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪುವುದುಂಟು. ಎಪ್ಲಿ ಅನ್ನುವ ವಿಧಾನದಲ್ಲಿ ತಲೆಯನ್ನು ಒಂದೊಂದು ಕಡೆಗೆ ಇಳಿಸಿ ತಿರುಗಿಸಿದರು. ಎರಡೇ ಸಲಕ್ಕೆ ಹೋಯಿತು.

ನಿಮ್ಮ ತಮ್ಮನಿಗೆ ತಲೆಸುತ್ತು ಯಾವಾಗ ಬರುತ್ತದೆ? ಹಾಸಿಗೆಯಲ್ಲಿ ಹೊರಳಿದಾಗಲಾ, ಕುಳಿತು ಕತ್ತು ತಿರುಗಿಸಿದಾಗಲಾ, ಅಂಗಡಿಯಲ್ಲಿ ಜನ, ಲೈಟು ನೋಡಿದಾಗಲಾ? ಒಂದು ವಾರ ಬರೆದಿಟ್ಟುಕೊಂಡು ಆ ಚೀಟಿಯನ್ನು ಜಿಪಿಗೆ ತೋರಿಸಲು ಹೇಳಿ. ಅವರು ಏನಂದರು ಅಂತ ಇಲ್ಲಿ ತಿಳಿಸಿ, ಕಾಯುತ್ತಿರುತ್ತೇನೆ.