ಹತ್ತು ಕಾಲಂನ ನೋಟ್ ಪುಸ್ತಕ

ಸಲಹೆ ಕೇಳಿ ನನ್ನ ಬಳಿ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 45ರ ಆಸುಪಾಸು. ಹೆಂಡತಿಯ ಒತ್ತಾಯಕ್ಕೆ ಶಿವಮೊಗ್ಗದವರೆಗೆ ನನ್ನನ್ನು ಕಾಣಲು ಬಂದಿದ್ದರು. ಕೂತವರೇ ಚೀಲದಿಂದ ಒಂದು ನೋಟ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಸ್ಕೇಲ್ ಹಿಡಿದು ಎಳೆದ ಹತ್ತು ಕಾಲಂ. ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಕೂಡಿಡದಿರುವುದು). ಆಮೇಲೆ ಶೌಚ (ಶುಚಿತ್ವ), ಸಂತೋಷ, ತಪಸ್ಸು, ಸ್ವಾಧ್ಯಾಯ (ಶಾಸ್ತ್ರಗಳ ಓದು), ಈಶ್ವರಪ್ರಣಿಧಾನ (ದೇವರಿಗೆ ಅರ್ಪಿಸಿಕೊಳ್ಳುವುದು). ಯೋಗಸೂತ್ರದಲ್ಲಿ ಪತಂಜಲಿ ಹೇಳಿದ ಐದು ಯಮ, ಅಂದರೆ ಸಂಯಮಗಳು, ಐದು ನಿಯಮ, ಅಂದರೆ ಪಾಲಿಸಬೇಕಾದ ಶಿಸ್ತುಗಳು. 14 ತಿಂಗಳಿಂದ ದಿನ ತಪ್ಪದೆ ಟಿಕ್ ಹಾಕಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ತಣ್ಣೀರ ಸ್ನಾನ, ಏಕಾದಶಿಗೆ ನಿರಾಹಾರ, ಕಾಫಿ ಬಿಟ್ಟೇ ವರ್ಷವಾಗಿತ್ತು. "ನಾನೆಲ್ಲಿ ತಪ್ಪಿದ್ದೇನೆ ಹೇಳಿ" ಅಂದರು. ದನಿಯಲ್ಲಿ ಸವಾಲಿರಲಿಲ್ಲ, ದಣಿವಿತ್ತು.

ಪಿಯುಸಿ ಓದುವ ಮಗಳು ಎರಡು ತಿಂಗಳಿಂದ ಅಪ್ಪನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಒಂದು ರಾತ್ರಿ ಅಡಿಕೆ ಸುಲಿಯಲು ಬಂದ ಹೆಂಗಸರ ಮುಂದೆಯೇ ಇವರು ಅವಳಿಗೆ "ನಿನ್ನ ತಲೆಗೆ ಲೆಕ್ಕ ಹತ್ತಲ್ಲ, ನಮ್ಮ ದುಡ್ಡು ದಂಡ" ಅಂದುಬಿಟ್ಟಿದ್ದರಂತೆ. ಪುಟ ತಿರುವಿ ನೋಡಿದೆ. ಆ ದಿನವೂ ಸತ್ಯಕ್ಕೆ ಟಿಕ್ ಇತ್ತು, ಅಹಿಂಸೆಗೂ ಇತ್ತು. "ಇದ್ದದ್ದನ್ನೇ ಹೇಳಿದೆ. ಕೈ ಎತ್ತಲಿಲ್ಲವಲ್ಲ?"

ಕೈ ಎತ್ತಿದ್ದುಂಟೇ ಎಂದು ಹೆಂಡತಿಯನ್ನು ಪ್ರತ್ಯೇಕವಾಗಿ ಕೇಳಿ, ಇಲ್ಲವೆಂದು ಖಾತ್ರಿಯಾದ ಮೇಲೆಯೇ ನಾನು ಮುಂದುವರಿದದ್ದು.

ಅವರು ನಂಬಿದ ಶಾಸ್ತ್ರದಿಂದಲೇ ಮಾತು ಶುರುಮಾಡಿದೆ. ಉಳಿದ ಯಮ ನಿಯಮಗಳಿಗೆಲ್ಲ ಅಹಿಂಸೆಯೇ ಬೇರು ಎನ್ನುತ್ತದೆ ಯೋಗಸೂತ್ರಕ್ಕೆ ಬರೆದ ವಿವರಣೆಯಾದ ವ್ಯಾಸಭಾಷ್ಯ. ಮಾತು ಇರುವುದು ಜೀವಿಗಳ ಉಪಕಾರಕ್ಕೆ. ಇದ್ದದ್ದನ್ನೇ ಹೇಳಿದರೂ ಅದು ಘಾತ ಮಾಡಿದರೆ ಸತ್ಯವೆನಿಸದು ಎಂದೂ ಅಲ್ಲಿದೆ. ಇನ್ನು ಯೋಗಸೂತ್ರದ ಎರಡನೇ ಪಾದದ (ಅಧ್ಯಾಯದ) 34ನೇ ಸೂತ್ರ, ಹಿಂಸೆಯ ಹಿಂದೆ ಲೋಭ, ಕ್ರೋಧ, ಮೋಹ ಇರುತ್ತವೆ ಎನ್ನುತ್ತದೆ. "ಆ ರಾತ್ರಿ ಇದ್ದದ್ದು ಯಾವುದು?" ಎಂದು ಕೇಳಿದೆ.

ತುಂಬಾ ಹೊತ್ತು ಪುಸ್ತಕದ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತರು. "ಕೋಪ ಅಂತ ಅಂದ್ಕೊಂಡಿದ್ದೆ. ಹೆದರಿಕೆ ಸಾರ್. ನಾನೂ ಪಿಯುಸಿ ಫೇಲಾಗಿ ತೋಟಕ್ಕೆ ಬಂದವನು."

ಅಹಿಂಸೆಯ ಕಾಲಂಗೆ ಮಗಳೇ ಟಿಕ್ ಹಾಕಲಿ ಎನ್ನೋಣವೇ ಎಂದು ಒಂದು ಕ್ಷಣ ಅನಿಸಿತ್ತು. ಬೇಡವೆನಿಸಿತು, ಅಪ್ಪನ ಸಾಧನೆಯ ಭಾರ ಮಗುವಿನ ಹೆಗಲಿಗೆ ಹಾಕಬಾರದು. ಬದಲಿಗೆ ಹೇಳಿದ್ದು ಇಷ್ಟೇ. ಒಂಬತ್ತು ಕಾಲಂ ಸದ್ಯಕ್ಕೆ ನಿಲ್ಲಿಸಿ, ಅಹಿಂಸೆಯೊಂದನ್ನೇ ಇಟ್ಟುಕೊಳ್ಳಿ. ಬಾಯಿಗೆ ಬಂದ ಬಿರುಸು ಮಾತನ್ನು ನುಂಗಿಕೊಂಡರೆ, ಅದರ ಹಿಂದಿದ್ದ ಹೆದರಿಕೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಪತಂಜಲಿಯ ಪ್ರತಿಪಕ್ಷ ಭಾವನೆಗೆ, ಅಂದರೆ ಕೆಟ್ಟ ಯೋಚನೆಗೆ ಎದುರು ಯೋಚನೆ ತರುವುದಕ್ಕೆ, ಅಲ್ಲಿಂದ ದಾರಿ. ಮಗಳ ಹತ್ತಿರ ತಪ್ಪೊಪ್ಪಿಕೊಳ್ಳಿ. "ಆದರೆ ನೀನೂ" ಎಂದು ಬಾಲ ಸೇರಿಸಬೇಡಿ. ಸುಲಿತದ ಕಾಲದಲ್ಲಿ ಹನ್ನೊಂದೂವರೆಗೆ ಮಲಗಿ ನಾಲ್ಕಕ್ಕೆ ಏಳಬೇಡಿ, ಆರಕ್ಕೆ ಎದ್ದರೆ ಸಾಕು. ನಿದ್ದೆಗೆಟ್ಟವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಕೊನೆಯ ಮಾತಿಗೆ ಅವರು ಒಪ್ಪಿದ್ದು ಎರಡನೇ ಭೇಟಿಯಲ್ಲಿ.

ಐದನೇ ಭೇಟಿಗೆ ಹೊಸ ಪುಸ್ತಕ ತಂದರು. ಅಹಿಂಸೆಯ ಕಾಲಂನಲ್ಲಿ ನಾಲ್ಕು ದಿನ ಖಾಲಿ ಬಿಟ್ಟಿತ್ತು. "ಈ ನಾಲ್ಕು ದಿನ ಬೈದೆ" ಎಂದು ತಾವೇ ಬೆರಳಿಟ್ಟು ತೋರಿಸಿದರು. ಮಗಳು ಭಾನುವಾರ ಜೊತೆಗೆ ಉಣ್ಣುತ್ತಾಳಂತೆ, ಉಳಿದ ದಿನ ಇನ್ನೂ ತಟ್ಟೆ ಹಿಡಿದು ಕೋಣೆಗೇ ಹೋಗುತ್ತಾಳೆ.