ದಪ್ಪ ದನಿಯವರು ಕರೋಕೆಗೆ ಯಾವ ಗಾಯಕರ ಹಾಡು ಆರಿಸಬೇಕು?

ಎಸ್‌ಪಿಬಿ ಹಾಡು ಎತ್ತಿಕೊಂಡರೆ ಚರಣದಲ್ಲಿ ಗಂಟಲು ಹಿಡಿಯುತ್ತೆ, ಪಿ.ಬಿ. ಶ್ರೀನಿವಾಸ್ ಹಾಡಿದರೆ ಟ್ರ್ಯಾಕಿನ ಸದ್ದಿನಲ್ಲಿ ದನಿಯೇ ಕೇಳಿಸುವುದಿಲ್ಲ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಇನ್ಯಾರ ಹಾಡು ಹಿಡಿಯಲಿ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ನನ್ನ ಪ್ರಶ್ನೆಯೂ ಇದೇ ಆಗಿತ್ತು. ಆ ಇಬ್ಬರೇ ಗಾಯಕರು, ಅದೇ ನವೆಂಬರ್ ವೇದಿಕೆ.

ನಾನು ಎಸ್‌ಪಿಬಿಯವರ ಹಾಡೊಂದನ್ನು ಆರಿಸಿ ಒಂದು ತಿಂಗಳು ಮನೆಯಲ್ಲಿ ಹಾಡಿಕೊಂಡೆ. ಎಲ್ಲೂ ಎಡವಲಿಲ್ಲ. ವೇದಿಕೆಯಲ್ಲೂ ಪಲ್ಲವಿ ಸಲೀಸಾಗಿ ಬಂತು. ಚರಣದ ಎರಡನೇ ಸಾಲು ಮೇಲೇರಿದಾಗ ದನಿ ಒಡೆಯಿತು. ಮುಂದಿನ ಸಾಲನ್ನು ಒಂದು ಸ್ಥಾಯಿ ಕೆಳಗೆ ಹಿಡಿದೆ, ಅದು ಮೈಕಿನಲ್ಲಿ ಗೊಣಗಿದ ಹಾಗೆ ಕೇಳಿಸಿತು. ಎರಡನೇ ಚರಣ ಹಾಡದೆಯೇ ಇಳಿದೆ.

ನನ್ನ ತಪ್ಪು ಗಾಯಕರ ಆಯ್ಕೆಯಲ್ಲಿ ಇರಲಿಲ್ಲ. ಆ ತಿಂಗಳೆಲ್ಲ ಟ್ರ್ಯಾಕ್ ಹಾಕಿಕೊಳ್ಳದೆ ಅಭ್ಯಾಸ ಮಾಡಿದ್ದೆ, ತಪ್ಪು ಅಷ್ಟೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಕ್ಕಾಲು ಪಾಲು ಜನ ಇಲ್ಲೇ ಬೀಳುತ್ತಾರೆ.

ಪಕ್ಕವಾದ್ಯವಿಲ್ಲದೆ ಹಾಡುವಾಗ ಗಂಟಲು ತನಗೆ ಬೇಕಾದ ಶ್ರುತಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಸ್ವರಗಳ ನಡುವಿನ ಅಂತರ ಸರಿಯಾಗಿದ್ದರೆ ಕಿವಿಗೆ ಅದು ಅದೇ ಹಾಡು. ಶ್ರುತಿ ಇಳಿದಿದೆ ಎಂದು ಹೊಳೆಯುವುದೇ ಇಲ್ಲ. ಕೀಬೋರ್ಡಿನಲ್ಲಿ ಎರಡು ಕಪ್ಪು ಕೀಗಳ ಗುಂಪಿನ ಎಡಕ್ಕೆ ಇರುವ ಬಿಳಿ ಕೀಯನ್ನು ಬಿಳಿ ಒಂದು ಎಂದು ಎಣಿಸಿ, ಬಲಕ್ಕೆ ಏಳರವರೆಗೆ. ಎಂಟನೆಯದು ಮತ್ತೆ ಬಿಳಿ ಒಂದು, ಅಲ್ಲಿಗೆ ಒಂದು ಸ್ಥಾಯಿ. ಕೀಬೋರ್ಡಿನ ನಡುವಿನ ಬಿಳಿ ಒಂದರಿಂದ ಶುರುವಾಗುವುದು ನಡುಸ್ಥಾಯಿ. ಮನೆಯಲ್ಲಿ ನಾನು ಹಾಡುತ್ತಿದ್ದಾಗ ಚರಣದ ತುದಿ ನಡುಸ್ಥಾಯಿಯ ಬಿಳಿ ಮೂರಕ್ಕೆ ನಿಲ್ಲುತ್ತಿತ್ತು. ಟ್ರ್ಯಾಕಿನಲ್ಲಿ ಅದೇ ತುದಿ ಬಿಳಿ ಆರರಲ್ಲಿತ್ತು. ಕಪ್ಪು ಬಿಳಿ ಸೇರಿಸಿ ಎಣಿಸಿದರೆ ಐದು ಮೆಟ್ಟಿಲು ಮೇಲೆ. ಈ ಮೆಟ್ಟಿಲನ್ನೇ ಸೆಮಿಟೋನ್ ಅನ್ನುವುದು, ಒಂದು ಸ್ಥಾಯಿಗೆ 12.

ಪಲ್ಲವಿಯಲ್ಲೇ ಯಾಕೆ ಗೊತ್ತಾಗಲಿಲ್ಲ? ಸಿನಿಮಾ ಹಾಡುಗಳಲ್ಲಿ ಪಲ್ಲವಿ ಸಾಮಾನ್ಯವಾಗಿ ಕೆಳಗಿನ ಮತ್ತು ನಡುವಿನ ಸ್ವರಗಳಲ್ಲಿ ಓಡಾಡುತ್ತದೆ, ಚರಣ ತಾರಕ್ಕೆ ಹೋಗುತ್ತದೆ. ಐದು ಮೆಟ್ಟಿಲು ಏರಿದ್ದರಿಂದ ಪಲ್ಲವಿಯ ತಗ್ಗಿನ ಸ್ವರಗಳು ನನಗೆ ಇನ್ನೂ ಹಿತವಾದವು, ದನಿ ಮೊಳಗಿತು. ಹಾಗಾಗಿ ಯಾವ ಎಚ್ಚರಿಕೆಯೂ ಸಿಗಲಿಲ್ಲ. ‘ಪಲ್ಲವಿ ಚೆನ್ನಾಗಿ ಬಂತು, ಈ ಹಾಡು ನನಗೆ ಹೊಂದುತ್ತೆ’ ಅನ್ನುವ ತೀರ್ಮಾನಕ್ಕೆ ಬೆಲೆಯೇ ಇಲ್ಲ. ಹಾಡನ್ನು ಪರೀಕ್ಷೆ ಮಾಡುವಾಗ ಚರಣದ ಅತಿ ಎತ್ತರದ ಸಾಲಿನಿಂದಲೇ ಶುರು ಮಾಡಿ.

ಮೂಲ ಹಾಡಿನ ಜೊತೆಗೆ ಹಾಡಿಕೊಳ್ಳುವುದೂ ಇಷ್ಟೇ ಅಪಾಯ. ಇಯರ್‌ಫೋನಿನಲ್ಲಿ ಗಾಯಕರ ದನಿ ನಿಮ್ಮ ದನಿಯನ್ನು ಮುಚ್ಚಿರುತ್ತದೆ. ಎತ್ತರದ ಸಾಲಿನಲ್ಲಿ ನೀವು ಸುಮ್ಮನಾಗಿದ್ದೋ ಕಳ್ಳದನಿಗೆ (ಎತ್ತರದಲ್ಲಿ ಬರುವ ತೆಳ್ಳಗಿನ ಸುಳ್ಳುದನಿ, ಫಾಲ್ಸೆಟೊ) ಜಾರಿದ್ದೋ ನಿಮಗೆ ಕೇಳಿಸುವುದಿಲ್ಲ. ದನಿ ಇಲ್ಲದ ಟ್ರ್ಯಾಕ್ ಹಾಕಿ, ನಿಂತುಕೊಂಡು, ವೇದಿಕೆಯ ಮೇಲಿನಷ್ಟೇ ಗಟ್ಟಿಯಾಗಿ ಹಾಡಿ, ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬ್ಲೂಟೂತ್ ಸ್ಪೀಕರ್ ಬೇಡ. ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗಿ ಬರಬಹುದು. ನೀವು ಮೈಕಿನಲ್ಲಿ ಹಾಡಿದ್ದು ಅದರಿಂದಲೇ ಹೊರಬರುವುದಾದರೆ ತಾಳ ಎಳೆದ ಹಾಗಾಗುತ್ತದೆ. ವೈರಿನ ಸ್ಪೀಕರ್ ಸಾಕು.

‘ಯಾವ ಗಾಯಕರು’ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ದನಿ ದಪ್ಪವೋ ತೆಳುವೋ ಅನ್ನುವುದು ಬಣ್ಣದ ಮಾತು. ಹಾಡು ಕೈಕೊಡುವುದು ಎತ್ತರ ತಗ್ಗಿನ ಲೆಕ್ಕದಲ್ಲಿ. ಒಬ್ಬರೇ ಗಾಯಕರ ಎರಡು ಹಾಡುಗಳಲ್ಲಿ ಒಂದು ನಿಮಗೆ ಸಲೀಸು, ಇನ್ನೊಂದು ಅಸಾಧ್ಯ ಆಗಬಹುದು.

ಮೊದಲು ನಿಮ್ಮ ಅಳತೆ ತೆಗೆದುಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಬೇಡ, ಆಗ ದನಿ ತಗ್ಗಿರುತ್ತದೆ, ಸಂಜೆ ಮಾಡಿ. ಫೋನಿನ ಕೀಬೋರ್ಡ್ ಆ್ಯಪ್ ಸಾಕು. ಮಾತಾಡುವ ಎತ್ತರದಿಂದ ಆ-ಕಾರದಲ್ಲಿ ಒಂದೊಂದೇ ಕೀ ಕೆಳಗಿಳಿಯಿರಿ. ನಾದ ಹೋಗಿ ಬರೀ ಉಸಿರು ಉಳಿಯುವ ಜಾಗ ನಿಮ್ಮ ತಳ. ಆಮೇಲೆ ಮೇಲೇರಿ. ಗದ್ದ ಎತ್ತಬೇಕು ಅನ್ನಿಸಿದ ಅಥವಾ ಕಳ್ಳದನಿಗೆ ಜಾರಿದ ಜಾಗ ತುದಿ. ತುದಿಯಿಂದ 2 ಮೆಟ್ಟಿಲು, ತಳದಿಂದ 3 ಮೆಟ್ಟಿಲು ಕಳೆಯಿರಿ. ತಳದಿಂದ ಹೆಚ್ಚು ಕಳೆಯುವುದಕ್ಕೆ ಕಾರಣವಿದೆ: ತಗ್ಗಿನ ಸ್ವರದಲ್ಲಿ ದನಿಗೆ ಬಲ ಇರುವುದಿಲ್ಲ, ಕೋಣೆಯಲ್ಲಿ ಇಂಪಾಗಿ ಕೇಳಿಸಿದ್ದು ಸ್ಪೀಕರಿನಲ್ಲಿ ತಬಲ, ಬೇಸ್ ಗಿಟಾರಿನ ಅಡಿಯಲ್ಲಿ ಮುಳುಗುತ್ತದೆ. ನಿಮ್ಮ ಪಿಬಿಎಸ್ ಹಾಡಿಗೆ ಆಗಿರುವುದು ಬಹುಶಃ ಇದೇ. ಆ ಹಾಡನ್ನು ಕೈಬಿಡಬೇಕಿಲ್ಲ, ಟ್ರ್ಯಾಕನ್ನು 2 ಮೆಟ್ಟಿಲು ಏರಿಸಿ ನೋಡಿ.

ಕಳೆದು ಉಳಿದದ್ದು ನನಗೆ 19 ಮೆಟ್ಟಿಲು: ನಡುಸ್ಥಾಯಿಗಿಂತ ಎರಡು ಸ್ಥಾಯಿ ಕೆಳಗಿನ ಬಿಳಿ ಆರರಿಂದ ನಡುಸ್ಥಾಯಿಯ ಬಿಳಿ ಮೂರರವರೆಗೆ. ಹೆಚ್ಚಿನ ಹವ್ಯಾಸಿಗಳಿಗೆ ಒಂದೂವರೆ ಸ್ಥಾಯಿಯ ಆಸುಪಾಸು ಸಿಗುತ್ತದೆ. ಈಗ ಹಾಡಿನ ಅತಿ ತಗ್ಗಿನ ಮತ್ತು ಅತಿ ಎತ್ತರದ ಸ್ವರ ಹುಡುಕಿ ನಡುವೆ ಎಷ್ಟು ಮೆಟ್ಟಿಲಿದೆ ಎಣಿಸಿ. ಅದು ನಿಮ್ಮ ಅಳತೆಗಿಂತ ಹೆಚ್ಚಿದ್ದರೆ ಆ ಹಾಡು ಬೇಡ. ಶ್ರುತಿ ಎತ್ತ ಸರಿಸಿದರೂ ಒಂದು ತುದಿ ಹೊರಗೇ ಉಳಿಯುತ್ತದೆ. ಕಡಿಮೆ ಇದ್ದರೆ ಶ್ರುತಿ ಬದಲಿಸಿ ಒಳಗೆ ಕೂರಿಸಬಹುದು.

ತುದಿಯ ಸ್ವರಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಹಾಡು ಹೆಚ್ಚು ಹೊತ್ತು ಎಲ್ಲಿ ಕೂರುತ್ತದೆ ಅನ್ನುವುದು. ಒಂದೇ ಒಂದು ಸಲ ಮೇಲೆ ಮುಟ್ಟಿ ಇಳಿಯುವ ಹಾಡು ಕಷ್ಟವಲ್ಲ. ತುದಿಗೆ ಎರಡು ಮೆಟ್ಟಿಲು ಕೆಳಗೇ ಇದ್ದರೂ ಚರಣಪೂರ್ತಿ ಅಲ್ಲೇ ನಿಂತಿರುವ ಹಾಡು ಎರಡನೇ ಚರಣಕ್ಕೆ ಗಂಟಲನ್ನು ಕೂರಿಸಿಬಿಡುತ್ತದೆ. ಆ ಎತ್ತರದ ಸ್ವರ ಯಾವ ಅಕ್ಷರದ ಮೇಲೆ ಬೀಳುತ್ತದೆ ಅಂತಲೂ ನೋಡಿ. ಆ-ಕಾರದಲ್ಲಿ ಬಾಯಿ ತೆರೆದಿರುವುದರಿಂದ ದನಿ ಹೊರಗೆ ಬರುತ್ತದೆ. ಈ, ಊ ಬಂದರೆ ಅಭ್ಯಾಸವಿಲ್ಲದ ಗಂಟಲು ಬಿಗಿಯುತ್ತದೆ. ಆಗ ಬಾಯನ್ನು ಒಂದು ಬೆರಳಿನಷ್ಟು ಹೆಚ್ಚು ತೆರೆದು ಈ-ಯನ್ನು ತುಸು ಎ-ಯ ಕಡೆಗೆ ವಾಲಿಸಿ ಹಾಡಿ, ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಶ್ರುತಿ ಬದಲಿಸಲು ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಟ್ರ್ಯಾಕ್ ತೆರೆದು ಪೂರ್ತಿ ಆಯ್ಕೆ ಮಾಡಿ, ಎಫೆಕ್ಟ್ ಮೆನುವಿನಲ್ಲಿ ಚೇಂಜ್ ಪಿಚ್ ಒತ್ತಿ, ಸೆಮಿಟೋನ್ ಎಂದಿರುವಲ್ಲಿ -3 ಎಂದು ಬರೆಯಿರಿ. ಹೈ ಕ್ವಾಲಿಟಿ ಎಂಬ ಚೌಕಕ್ಕೆ ಗುರುತು ಹಾಕಿ. ಪಕ್ಕದಲ್ಲೇ ಇರುವ, ಚೇಂಜ್ ಸ್ಪೀಡ್ ಅಂತ ಶುರುವಾಗುವುದನ್ನು ಮುಟ್ಟಬೇಡಿ, ಅದರಲ್ಲಿ ಶ್ರುತಿಯ ಜೊತೆ ನಡೆಯೂ ಇಳಿಯುತ್ತದೆ: 3 ಮೆಟ್ಟಿಲು ಇಳಿಸಿದರೆ 4 ನಿಮಿಷದ ಹಾಡು 4 ನಿಮಿಷ 45 ಸೆಕೆಂಡಿಗೆ ಹಿಗ್ಗುತ್ತದೆ, ಹಾಡು ಸತ್ತುಹೋಗುತ್ತದೆ. -2, -3, -4 ಹೀಗೆ ಮೂರು ಫೈಲ್ ಮಾಡಿಕೊಳ್ಳಿ, ಪ್ರತಿಸಲವೂ ಮೂಲ ಟ್ರ್ಯಾಕಿನಿಂದಲೇ. ಇಳಿಸಿದ್ದನ್ನು ಮತ್ತೆ ಇಳಿಸಿದರೆ ಸದ್ದು ಕೆಡುತ್ತದೆ. ಒಂದೊಂದರಲ್ಲೂ ಚರಣವನ್ನು ಮಾತ್ರ ಬೆನ್ನು ಬೆನ್ನಿಗೆ ಮೂರು ಸಲ ಹಾಡಿ. ಮೂರನೇ ಸಲವೂ ಮೊದಲ ಸಲದಷ್ಟೇ ನಿರಾಳವಾಗಿ ಬಂದ ಫೈಲ್ ನಿಮ್ಮದು.

4ಕ್ಕಿಂತ ಹೆಚ್ಚು ಸರಿಸಲು ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ತಬಲ ಸಡಿಲಾಗಿ ಕೇಳಿಸುತ್ತದೆ, ಕೊಳಲು ಪಿಟೀಲಿನ ಜೀವ ಹೋಗುತ್ತದೆ. ಮೂಲ ಹಾಡಿನಿಂದ ದನಿ ಅಳಿಸಿ ಮಾಡಿದ ಟ್ರ್ಯಾಕ್ ಆದರಂತೂ ಅಳಿಸದೆ ಉಳಿದ ಗಾಯಕರ ದನಿಯ ನೆರಳೂ ಜೊತೆಗೆ ಸರಿದು ವಿಚಿತ್ರವಾಗಿ ಕಿವಿಗೆ ಬೀಳುತ್ತದೆ. ವಾದ್ಯಗಳನ್ನು ಹೊಸದಾಗಿ ನುಡಿಸಿ ಮಾಡಿದ ಟ್ರ್ಯಾಕ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ನನ್ನ ಆ ಹಾಡಿಗೆ 5 ಇಳಿಸಬೇಕಿತ್ತು, ಅದನ್ನು ಬಿಟ್ಟುಬಿಟ್ಟೆ.

ಅದರ ಬದಲು ಹಿಡಿದದ್ದು ಹೆಣ್ಣುದನಿಯ ಹಾಡು. ದಪ್ಪ ದನಿಯ ಗಂಡಸರಿಗೆ ಯಾರೂ ಇದನ್ನು ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಮಧ್ಯಮ ವ್ಯಾಪ್ತಿಯ ಹೆಣ್ಣುದನಿಯ ಹಾಡೊಂದು ನಡುವಿನ ಬಿಳಿ ಒಂದರ ಕೆಳಗಿರುವ ಬಿಳಿ ಆರರಿಂದ ಮೇಲಿನ ಸ್ಥಾಯಿಯ ಬಿಳಿ ಎರಡರವರೆಗೆ ಇದೆ ಅಂದುಕೊಳ್ಳಿ. ಅದನ್ನು ಪೂರ್ತಿ ಒಂದು ಸ್ಥಾಯಿ ಕೆಳಗೆ ಹಾಡಿದರೆ ನಾನು ಮೇಲೆ ಹೇಳಿದ 19 ಮೆಟ್ಟಿಲೊಳಗೆ ಕೂರುತ್ತದೆ, ಟ್ರ್ಯಾಕಿನ ಶ್ರುತಿ ಮುಟ್ಟಬೇಕಿಲ್ಲ. ತಳದ ಸ್ವರ ತೆಳ್ಳಗಾದರೆ 1 ಅಥವಾ 2 ಏರಿಸಿ. ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಗಂಡಸರು ಒಂದು, ಎರಡು ಮನೆಯ (ಮನೆ ಅಂದರೆ ಇದೇ ಬಿಳಿ ಕೀಯ ಎಣಿಕೆ) ಶ್ರುತಿಯಲ್ಲೂ ಹೆಂಗಸರು ಐದು, ಆರು ಮನೆಯ ಆಚೀಚೆಯಲ್ಲೂ ಹಾಡುವುದು ಗಂಡು ಹೆಣ್ಣು ದನಿಗಳ ಎತ್ತರ ಬೇರೆಯಾದ್ದರಿಂದಲೇ. ಹಾಡಿನ ಮಾತು ಗಂಡಸಿನ ಬಾಯಲ್ಲಿ ಒಪ್ಪುವಂತಿರಬೇಕು ಅಷ್ಟೆ. ನಾಡು, ಮಳೆ, ತಾಯಿ, ದೇವರ ಮೇಲಿನ ಹಾಡಿಗೆ ಆ ತೊಡಕಿಲ್ಲ, ರಾಜ್ಯೋತ್ಸವಕ್ಕೆ ಬೇಕಾದ್ದೂ ಅವೇ.

ಯುಗಳಗೀತೆ ಈ ಸಲ ಬೇಡ. ನಿಮಗೆ ಅಂತ 4 ಇಳಿಸಿದರೆ ಜೊತೆಯವರ ತಗ್ಗಿನ ಸಾಲು ನೆಲಕ್ಕಿಳಿಯುತ್ತದೆ.

ಶ್ರುತಿ ಇಳಿಸಿ ಹಾಡುವುದು ಮೋಸ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 1971ರಲ್ಲಿ ಜಪಾನಿನ ಕೋಬೆಯಲ್ಲಿ ಕರೋಕೆ ಯಂತ್ರ ಮಾಡಿದ ದಾಯಿಸುಕೆ ಇನೋಉಎ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ಪಕ್ಕವಾದ್ಯ ನುಡಿಸುತ್ತಿದ್ದವರು. ತಾವು ಹೋಗಲಾಗದ ಪ್ರವಾಸಕ್ಕೆ ಗಿರಾಕಿಯೊಬ್ಬರಿಗೆ ವಾದ್ಯ ನುಡಿಸಿ ಟೇಪ್ ಮಾಡಿಕೊಟ್ಟರು, ಯಂತ್ರದ ಯೋಚನೆ ಹುಟ್ಟಿದ್ದು ಅಲ್ಲಿಂದ. ಹಾಡುವವರಿಗೆ ವಾದ್ಯ ಹೊಂದಿಕೊಳ್ಳುವುದೇ ಇದರ ಮೂಲ.

ಮೈಕಿನ ವಿಷಯ ಚಿಕ್ಕದಾಗಿ. ತಗ್ಗಿನ ಸಾಲಿಗೆ ಮೈಕ್ ತುಟಿಯಿಂದ ಎರಡು ಬೆರಳು ದೂರದಲ್ಲಿರಲಿ, ಹತ್ತಿರ ಹಿಡಿದಷ್ಟೂ ದನಿಗೆ ತುಂಬು ಬರುತ್ತದೆ. ಎತ್ತರದ ಸಾಲಿಗೆ ಒಂದು ಗೇಣಿನ ಹತ್ತಿರಕ್ಕೆ ದೂರ ಒಯ್ಯಿರಿ. ಜಾಲರಿಯ ಮೇಲೆ ಬೆರಳು ಸುತ್ತಿ ಹಿಡಿದರೆ ಸ್ಪೀಕರ್ ಕೂಗುತ್ತದೆ, ಕೆಳಗಿನ ಹಿಡಿಯನ್ನೇ ಹಿಡಿದುಕೊಳ್ಳಿ. ನಿಮ್ಮ ಸರದಿಗೆ ಮುಂಚೆ ಸ್ಪೀಕರ್ ಪಕ್ಕ ನಿಂತು ಕೂಗಿ ಮಾತಾಡಬೇಡಿ, ಚರಣಕ್ಕೆ ಬೇಕಾದ ಗಂಟಲು ಅಲ್ಲೇ ಖರ್ಚಾಗುತ್ತದೆ.

ಆರಿಸಿದ ಫೈಲನ್ನು ಪೆನ್ ಡ್ರೈವಿಗೆ ಹಾಕಿ, ಹೆಸರಿನಲ್ಲೇ -3 ಅಂತ ಬರೆದು, ಹಿಂದಿನ ದಿನವೇ ಸೌಂಡ್ ಸಿಸ್ಟಮ್‌ನವರಿಗೆ ಕೊಡಿ. ಅದರಲ್ಲಿ ಮೂಲ ಟ್ರ್ಯಾಕ್ ಇರಲೇಬಾರದು. ಇದ್ದರೆ ಅವರು ಗಡಿಬಿಡಿಯಲ್ಲಿ ಅದನ್ನೇ ಹಾಕುತ್ತಾರೆ, ಪಲ್ಲವಿ ಚೆನ್ನಾಗಿಯೇ ಬರುತ್ತದೆ, ನಿಮಗೆ ಗೊತ್ತಾಗುವುದು ಚರಣದಲ್ಲಿ.