ಮಾಬ್ ಎಂದವರು ಯಾರು?

ಸಾಗರದ ಓದುಗರೊಬ್ಬರು ಬರೆದಿದ್ದಾರೆ: ‘1780ರ ಲಂಡನ್ ಗಲಭೆಯ ಲೇಖನದಲ್ಲಿ ಇಂಗ್ಲಿಷಿನ ಮಾಬ್ ಎಂಬ ಮಾತಿಗೆ ಜನಸಂದಣಿ ಎಂದು ಬಳಸಿದ್ದೀರಿ. ಜೈಲಿಗೆ ಬೆಂಕಿ ಇಟ್ಟವರು ಜಾತ್ರೆಗೆ ಬಂದವರೇ? ಪುಂಡರನ್ನು ಪುಂಡರು ಎನ್ನಲು ಸಂಪಾದಕರಿಗೇನು ಸಂಕೋಚ? ಅಂದಹಾಗೆ, ಮಾಬ್‌ಗೂ ಮೊಬೈಲ್ ಫೋನಿಗೂ ನಂಟಿದೆ ಎಂದು ನನ್ನ ಮೊಮ್ಮಗ ವಾದ ಹೂಡಿದ್ದಾನೆ. ಅವನ ತಲೆಹರಟೆಗೂ ಒಂದು ಉತ್ತರ ಕೊಡಿ.’

ಮೊಮ್ಮಗ ಗೆದ್ದ, ಸ್ವಾಮಿ. ಲ್ಯಾಟಿನ್ನಿನ ‘ಮೊಬಿಲೆ ವುಲ್ಗುಸ್’ ಎಂದರೆ ಚಂಚಲ ಜನ, ಎಳೆದತ್ತ ವಾಲುವ ಸಾಮಾನ್ಯರು. ಇಂಗ್ಲಿಷಿನವರು ಮೊದಲು ವುಲ್ಗುಸ್ ಬಿಟ್ಟು ಬರೀ ‘ಮೊಬಿಲೆ’ ಎಂದರು. 1680ರ ದಶಕದ ಹೊತ್ತಿಗೆ ಅದರ ಬಾಲವನ್ನೂ ಕತ್ತರಿಸಿ ‘ಮಾಬ್’ ಮಾಡಿದರು. ಜನ ಎಂಬ ಅರ್ಥದ ಪದ ಬಿದ್ದುಹೋಯಿತು, ಚಂಚಲ ಎಂಬ ಬೈಗುಳ ಉಳಿಯಿತು. ಫೋನಿನ ಮೊಬೈಲೂ ಅದೇ ಬೇರಿನದು. ಲೇಖಕ ಜೊನಾಥನ್ ಸ್ವಿಫ್ಟ್‌ಗೆ ಇಂಥ ಮೊಟಕು ಪದಗಳನ್ನು ಕಂಡರಾಗದು. 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಹರಿಹಾಯ್ದ. ಪದ ಜಗ್ಗಲಿಲ್ಲ.

ಇನ್ನು ನಿಮ್ಮ ಆಕ್ಷೇಪ. ಈ ಪದ ಎಲ್ಲಿ ಚಲಾವಣೆಗೆ ಬಂತೆಂದು ರೋಜರ್ ನಾರ್ತ್ ಎಂಬ ವಕೀಲ ಬರೆದಿಟ್ಟಿದ್ದಾನೆ. ಆ ಬರಹ ಅಚ್ಚಾದದ್ದು ಅವನು ಸತ್ತ ಮೇಲೆ, 1740ರಲ್ಲಿ. ಲಂಡನ್ನಿನ ಚಾನ್ಸರಿ ಲೇನ್ ಮೂಲೆಯ ಕಿಂಗ್ಸ್ ಹೆಡ್ ಹೆಂಡದಂಗಡಿಯಲ್ಲಿ ಗ್ರೀನ್ ರಿಬ್ಬನ್ ಕ್ಲಬ್ ಸೇರುತ್ತಿತ್ತು. ದೊರೆಯ ತಮ್ಮ ಕ್ಯಾಥೊಲಿಕ್, ಅವನಿಗೆ ಪಟ್ಟ ತಪ್ಪಿಸಬೇಕೆಂದು ಹೊರಟ ರಾಜಕಾರಣಿಗಳ ಅಡ್ಡೆ ಅದು. 1679ರ ನವೆಂಬರ್ 17ರಂದು ಕ್ಯಾಥೊಲಿಕರ ಪರಮಗುರು ಪೋಪನ ಬೊಂಬೆಯ ಮೆರವಣಿಗೆ ನಡೆದು, ಕೊನೆಗೆ ಬೊಂಬೆಗೆ ಬೆಂಕಿ ಬಿತ್ತು. ಕ್ಲಬ್ಬಿನ ಮಹನೀಯರು ವಿಗ್ ತೆಗೆದಿಟ್ಟು ಬರೀ ಹ್ಯಾಟಿನಲ್ಲಿ, ಬಾಯಲ್ಲಿ ಪೈಪು ಕಚ್ಚಿಕೊಂಡು, ಗಂಟಲು ತೇವ ಮಾಡಿಕೊಂಡು, ಬಾಲ್ಕನಿಯಲ್ಲಿ ನಿಂತು ಕೆಳಗಿನವರನ್ನು ಹುರಿದುಂಬಿಸುತ್ತಿದ್ದರಂತೆ. ಆ ಜನ ಕ್ಲಬ್ಬಿನ ಹೇರೆತ್ತು. ಅವರಿಗೆ ಮಾಬ್ ಎಂಬ ಹೆಸರು ಬಿದ್ದದ್ದೂ ಅಲ್ಲೇ ಎನ್ನುತ್ತಾನೆ. ನಾರ್ತ್ ಈ ಕ್ಲಬ್ಬಿನವರ ಎದುರು ಪಕ್ಷದವನು, ಒಗ್ಗರಣೆ ಹಾಕಿರಬಹುದು. ಆದರೂ ಜನರನ್ನು ಬೀದಿಗಿಳಿಸಿದವರೇ ಅವರಿಗೆ ಆ ಹೆಸರಿಟ್ಟರು ಎಂಬುದು ನನಗೆ ಎಷ್ಟೂ ಅಚ್ಚರಿ ತರುವುದಿಲ್ಲ.

1780ರಲ್ಲಿ ನಡೆದದ್ದೂ ಬಹುಪಾಲು ಇದೇ. ಕ್ಯಾಥೊಲಿಕರಿಗೆ 1778ರಲ್ಲಿ ಕೊಟ್ಟ ರಿಯಾಯಿತಿ ರದ್ದಾಗಲಿ ಎಂಬ ಮನವಿ ಹಿಡಿದು ಜೂನ್ 2ರಂದು ಸುಮಾರು 50,000 ಜನರನ್ನು ಪಾರ್ಲಿಮೆಂಟಿಗೆ ಕರೆತಂದವನು ಪಾರ್ಲಿಮೆಂಟ್ ಸದಸ್ಯ ಲಾರ್ಡ್ ಜಾರ್ಜ್ ಗಾರ್ಡನ್. ಒಳಗೆ ಯಾರು ಮನವಿಗೆ ಅಡ್ಡ ಮಾತಾಡುತ್ತಿದ್ದಾರೆಂದು ಆಗಾಗ ಗ್ಯಾಲರಿಗೆ ಬಂದು ಲಾಬಿಯಲ್ಲಿದ್ದವರಿಗೆ ಕೂಗಿ ಹೇಳಿದವನೂ ಅವನೇ. ಜೂನ್ 6ರಂದು ನ್ಯೂಗೇಟ್ ಜೈಲು ಉರಿಯಿತು. ಸೈನ್ಯವಿತ್ತು, ಕೈ ಕಟ್ಟಿತ್ತು. ಏಕೆಂದರೆ 1715ರಿಂದ ಜಾರಿಯಲ್ಲಿದ್ದ ರಯಟ್ ಆ್ಯಕ್ಟ್ ಎಂಬ ಗಲಭೆ ಕಾಯ್ದೆಯ ಪ್ರಕಾರ ಹನ್ನೆರಡು ಅಥವಾ ಹೆಚ್ಚು ಮಂದಿ ಗದ್ದಲಕ್ಕೆ ಸೇರಿದರೆ ಮ್ಯಾಜಿಸ್ಟ್ರೇಟ್ ಹತ್ತಿರ ನಿಂತು, ಸದ್ದಡಗಿಸಿ, ಗೊತ್ತುಪಡಿಸಿದ ಘೋಷಣೆಯನ್ನು ಗಟ್ಟಿಯಾಗಿ ಓದಬೇಕು. ಚದುರಲು ಒಂದು ಗಂಟೆ. ಆಮೇಲೂ ನಿಂತವನಿಗೆ ಮರಣದಂಡನೆ. ‘ದೇವರು ದೊರೆಯನ್ನು ಕಾಪಾಡಲಿ’ ಎಂಬ ಕೊನೆಯ ಸಾಲು ಓದದೆ ಬಿಟ್ಟ ತಪ್ಪಿಗೆ ಮುಂದೆ ಕೋರ್ಟಿನಲ್ಲಿ ಕೇಸು ಬಿದ್ದುಹೋದದ್ದೂ ಉಂಟು. ಮ್ಯಾಜಿಸ್ಟ್ರೇಟ್ ಓದದೆ ಗುಂಡು ಹಾರಿಸುವಂತಿಲ್ಲವೆಂದು ಅಧಿಕಾರಿಗಳು ನಂಬಿದ್ದರು. ಓದಿದ ಜಸ್ಟಿಸ್ ಹೈಡ್‌ನ ಮನೆ ಅಂದೇ ಲೂಟಿಯಾಯಿತು. ಉಳಿದವರು ಬಾಯಿ ಬಿಡಲಿಲ್ಲ. ಮರುದಿನ, ಮ್ಯಾಜಿಸ್ಟ್ರೇಟ್‌ಗೆ ಕಾಯದೆ ಗುಂಡು ಹಾರಿಸಿ ಎಂದು ದೊರೆಯ ಆಜ್ಞೆ ಹೊರಟಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 285. ಗಾರ್ಡನ್ ಮೇಲಿನ ರಾಜದ್ರೋಹದ ಆರೋಪ 1781ರ ಫೆಬ್ರುವರಿಯಲ್ಲಿ ಖುಲಾಸೆ!

ಸುಟ್ಟವರು ಅಪರಾಧಿಗಳೇ, ಒಪ್ಪಿದೆ. ಆದರೆ ಇತಿಹಾಸಕಾರ ಜಾರ್ಜ್ ರೂಡೆ ವಿಚಾರಣೆಯ ಕಡತಗಳನ್ನು ಕೆದಕಿದಾಗ ಕಟಕಟೆಯಲ್ಲಿ ಹೆಚ್ಚಾಗಿ ಕಂಡದ್ದು ಕೂಲಿಗೆ ದುಡಿಯುವವರು, ಮನೆ ವಿಳಾಸ ಇದ್ದವರು. ಹಿಂದೆ ಶಿಕ್ಷೆಯಾದ ಪುಂಡರು ತೀರಾ ಕಡಿಮೆ. ನೀವು ಆ ಲೇಖನವನ್ನು ಇಷ್ಟು ಗಮನವಿಟ್ಟು ಓದಿದ್ದು ಸಂತೋಷ. ಗಾರ್ಡನ್ ಬಗ್ಗೆ ಮಾತ್ರ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಕೋಪವೆಲ್ಲ ಕೆಳಗಿದ್ದವರ ಮೇಲೆಯೇ ಏಕೆ?

ನಮ್ಮ ಪತ್ರಿಕೆಗಳ ರೋಗವೂ ಇದೇ. ‘ಉದ್ರಿಕ್ತ ಗುಂಪು ಹಲ್ಲೆ ನಡೆಸಿದೆ’ ಎಂದು ಬರೆದರೆ ವರದಿ ಮುಗಿಯಿತು. ಎಷ್ಟು ಮಂದಿ, ಎಲ್ಲಿಂದ ಬಂದರು, ಕರೆದವರು ಯಾರು, ಕೇಳಬೇಡಿ. ಎಫ್‌ಐಆರ್‌ನ ‘ಅಕ್ರಮ ಕೂಟ ಕಟ್ಟಿಕೊಂಡು’ ಎಂಬುದನ್ನು ಹಾಗೇ ಎತ್ತಿಹಾಕುವ ಉಪಸಂಪಾದಕರಿಗೆ ಅದಕ್ಕೆ ಕನಿಷ್ಠ ಐದು ಜನ ಬೇಕೆಂಬುದಾದರೂ ನೆನಪಿರುತ್ತದೋ ಇಲ್ಲವೋ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಒಬ್ಬ ಅಮಾಯಕ ಬಲಿಯಾದ. ವದಂತಿ ಹರಿದದ್ದು ವಾಟ್ಸ್‌ಆ್ಯಪಿನಲ್ಲಿ. ಒತ್ತಿ ಕಳಿಸಿದ ಒಂದೊಂದು ಬೆರಳಿಗೂ ಒಬ್ಬ ಯಜಮಾನನಿದ್ದಾನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಮಿನಲ್ಲಿ ಮಾಬ್ ಎಂಬ ಪದವೇ ಇಲ್ಲ. ಜಾತಿ, ಭಾಷೆ, ಹುಟ್ಟೂರು ಇತ್ಯಾದಿ ಕಾರಣಕ್ಕೆ ಐದು ಅಥವಾ ಹೆಚ್ಚು ಮಂದಿ ಒಟ್ಟಾಗಿ ಕೊಂದರೆ ಅವರಲ್ಲಿ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಎನ್ನುತ್ತದೆ. ಕಾನೂನು ತಲೆ ಎಣಿಸುತ್ತದೆ, ಪತ್ರಿಕೆಗೆ ಅಷ್ಟು ಪುರುಸೊತ್ತಿಲ್ಲ.

ಜನಸಂದಣಿ ಎಂಬುದಕ್ಕೆ ತಿದ್ದುಪಡಿ ಹಾಕುವುದಿಲ್ಲ. ಆ ಲೇಖನದಲ್ಲಿ ಗಾರ್ಡನ್ ಖುಲಾಸೆಯಾದ ಸಂಗತಿಗೆ ಅರ್ಧ ಸಾಲಷ್ಟೇ ಸಿಕ್ಕಿತ್ತು ಎಂದು ನೀವು ಆಕ್ಷೇಪಿಸಿದ್ದರೆ ಖಂಡಿತ ಹಾಕುತ್ತಿದ್ದೆ.